ಕಾರ್ತ್ಯಾಯಿನಿ ಟೀಚರ್ ನೇಮಕಾತಿ

ಮುಳ್ಳಂಕುನ್ನು ವಾರ್ಡಿನಲ್ಲಿ ಓದಲು ಬಾರದವರು ಯಾರೂ ಇಲ್ಲವೆಂದು ನಮ್ಮ ವಾಚನಾಲಯದ ಸಮಿತಿ ಸರ್ವಾನುಮತದಿಂದ ತೀರ್ಮಾನಿಸಿದೆ. ಚಹಾ, ಪರಿಪ್ಪುವಡೆ ಮುಗಿಯುವುದರೊಳಗೆ ಇಡೀ ವಾರ್ಡು ಅಕ್ಷರಸ್ಥವಾಯಿತು. ಸಮಿತಿಯ ಸದಸ್ಯನಾಗಿ ನನಗೆ ಇದರ ಬಗ್ಗೆ ಹೆಮ್ಮೆಯಿದೆ.

ತಕರಾರು ತೆಗೆದವರು ಕಾರ್ಖಾನೆಯಲ್ಲಿ ಗೇರುಬೀಜ ಸುಲಿಯುವ ಕಾರ್ತ್ಯಾಯಿನಿ. ‘ಮನೆಯ ಹಿರಿಯರು ಮಕ್ಕಳಿಗೆ ದಿನವೂ ಒಂದು ಕಥೆ ಓದಿ ಹೇಳತಕ್ಕದ್ದು’ ಎಂದು ನಾವು ಮೈಕಿನಲ್ಲಿ ಕೂಗಿಸಿದ್ದನ್ನು ಆಕೆ ನಿಜವೆಂದೇ ನಂಬಿಬಿಟ್ಟಿದ್ದರು.

“ಮಾಷೇ, ನಂಗೆ ಓದೋಕೆ ಕಲಿಸಿ. ಇಷ್ಟು ದಿನ ಚಿತ್ರ ನೋಡಿ ಬಾಯಿಗೆ ಬಂದ ಕಥೆ ಹೇಳ್ತಿದ್ದೆ. ಈಗ ಮೊಮ್ಮಗಳು ಎರಡನೇ ಕ್ಲಾಸು. ‘ಅಮ್ಮಮ್ಮ, ಇಲ್ಲಿ ಹಂಗೆ ಬರ್ದೇ ಇಲ್ಲ’ ಅಂತಾಳೆ. ಆ ಮಗು ಮುಂದೆ ತಲೆ ಎತ್ತೋಕಾಗಲ್ಲ.”

ಶಾಲಾ ಮೇಷ್ಟ್ರೂ ಆಗಿದ್ದ ಕಾರ್ಯದರ್ಶಿ ಭಾಸುರನ್ ಮಾಷ್ ಸಮಾಧಾನದಿಂದ ಹೇಳಿದರು: “ಚೇಚಿ, ನಿಮಗೆ ಓದೋಕೆ ಬರುತ್ತೆ. ಠರಾವು ಆಗಿದೆ.”

“ನಂಗೇ ಗೊತ್ತಿಲ್ವಲ್ಲ!”

“ತಿಳಿಸೋದು ಬಾಕಿ ಇತ್ತು. ಈಗ ತಿಳಿಸಿದ್ದೀವಿ.”

ಠರಾವಾದ ಮೇಲೂ ಅಜ್ಞಾನ ಉಳಿಸಿಕೊಳ್ಳುವುದು ಉದ್ಧಟತನವೆಂದು ನನಗನ್ನಿಸಿತು. ನಿಯಮ ಸ್ಪಷ್ಟವಾಗಿದೆ: ಅಕ್ಷರಸ್ಥರು ಅಕ್ಷರ ಕಲಿಯುವಂತಿಲ್ಲ, ಕಲಿಸಬಹುದು. ಆಕೆ ವಾಚನಾಲಯದ ಜಗಲಿ ಬಿಟ್ಟು ಏಳದ್ದರಿಂದ ಸಮಿತಿ ಆಕೆಯನ್ನೇ ಕುಟುಂಬ ವಾಚನ ಯೋಜನೆಯ ಶಿಕ್ಷಕಿಯಾಗಿ ನೇಮಿಸಿತು. ವಿದ್ಯಾರ್ಥಿನಿ, ಮೊಮ್ಮಗಳು ನಿವ್ಯ.

ಪಾಠ ವಾಚನಾಲಯದ ಮೂಲೆಯಲ್ಲಿ ನಡೆಯುತ್ತಿತ್ತು. ಶಿಕ್ಷಕಿ ತಲೆ ಬಗ್ಗಿಸಿ ಸ್ಲೇಟಿನಲ್ಲಿ ಬರೆಯುತ್ತಿದ್ದರು. ವಿದ್ಯಾರ್ಥಿನಿ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದಳು.

“ಅಮ್ಮಮ್ಮ, ಇದರ ಕೊಂಬೆಲ್ಲಿ? ನುಂಗಿಬಿಟ್ಯಾ? ನಾಳೆ ಹತ್ತು ಸಲ ಬರ್ಕೊಂಡು ಬಾ.”

“ಬೀಜ ಸುಲಿದು ಕೈಯೆಲ್ಲಾ ಉರೀತಿದೆ ಕಣೇ.”

“ನೆಪ ಹೇಳ್ಬಾರ್ದು.”

ವರ್ಷದ ಕೊನೆಗೆ ತಪಾಸಣಾಧಿಕಾರಿ ಬಂದು ವರದಿ ಬರೆದರು: ‘ಶಿಕ್ಷಕಿ ಸೌಮ್ಯ ಸ್ವಭಾವದವರು, ಮಗುವಿನ ಮಾತನ್ನು ಶ್ರದ್ಧೆಯಿಂದ ಆಲಿಸುತ್ತಾರೆ. ವಿದ್ಯಾರ್ಥಿನಿ ಮಾತ್ರ ವಾಚಾಳಿ. ವರ್ಷ ಕಳೆದರೂ ಅ, ಆ, ಇ, ಈ ಎಂದೇ ಕೂಗುತ್ತಾಳೆ.’ ನಿವ್ಯಳನ್ನು ಯೋಜನೆಯಲ್ಲಿ ಅನುತ್ತೀರ್ಣಗೊಳಿಸಿ, ಕಾರ್ತ್ಯಾಯಿನಿಗೆ ಉತ್ತಮ ಶಿಕ್ಷಕಿ ಪ್ರಶಸ್ತಿ ಘೋಷಿಸಲಾಯಿತು. ನಿವ್ಯ ಬೇಸರಪಡಲಿಲ್ಲ. “ಫೇಲಾದ್ರೆ ಇನ್ನೊಂದು ವರ್ಷ ಪಾಠ ಮಾಡ್ಬಹುದು” ಎಂದಳು. ಮಗುವಿನ ಮಂದಬುದ್ಧಿಗೆ ಸಮಿತಿ ಮರುಕಪಟ್ಟಿತು.

ಸಮಾರಂಭದಲ್ಲಿ ಸನ್ಮಾನಪತ್ರವನ್ನು ತಾನೇ ಓದುತ್ತೇನೆಂದು ಕಾರ್ತ್ಯಾಯಿನಿ ಹಟ ಹಿಡಿದರು. ಬೆರಳಿಟ್ಟು, ಒಂದೊಂದೇ ಅಕ್ಷರಕ್ಕೆ ತಡೆದು, ಕೆಳಗೆ ಕೂತ ನಿವ್ಯಳ ಮುಖ ನೋಡಿ, ಮತ್ತೆ ಹಿಡಿದು, ಕೊನೆಯ ಸಾಲಿನವರೆಗೂ ಓದಿದರು.

“ಪಾಪ, ಸಂತೋಷಕ್ಕೆ ಗಂಟಲು ಕಟ್ಟಿದೆ” ಎಂದು ಭಾಸುರನ್ ಮಾಷ್ ಕಣ್ಣೊರೆಸಿಕೊಂಡರು. ನಾವೆಲ್ಲರೂ ಒರೆಸಿಕೊಂಡೆವು.