ಸೋದರಮಾವನ ಮೌನಾಭ್ಯಾಸ

ಮನೆಪಾಠಕ್ಕೆ ಹೋಗುವುದು ವಿದ್ಯಾರ್ಥಿಗೂ ಅವಮಾನ, ಅವನ ಶಿಕ್ಷಕನಿಗೂ ಅವಮಾನ ಎಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದಷ್ಟು ಕಾಲವೂ ಸಾರಿಕೊಂಡು ಬಂದವನು ನಾನು. ಅಂಥ ನಾನು, ತಲೆ ಅರ್ಧ ನರೆತ ಮೇಲೆ, ಕೈಯಲ್ಲಿ ಛತ್ರಿ ಹಿಡಿದು, ಪರಿಚಿತರು ಯಾರೂ ಎದುರಾಗದಿರಲಿ ಎಂದು ಪ್ರಾರ್ಥಿಸುತ್ತ, ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಒಂದು ಮಹಡಿಯ ಕೋಣೆಗೆ ಪ್ರತಿ ಬುಧವಾರ ಪಾಠಕ್ಕೆ ಹೋಗಿದ್ದೇನೆ. ಕಲಿಯುತ್ತಿದ್ದ ವಿಷಯ: ಸುಮ್ಮನಿರುವುದು. ಕಲಿಸುತ್ತಿದ್ದವರು ಒಬ್ಬ ಲೈಫ್ ಕೋಚ್. ಈ ಪದಕ್ಕೆ ನಾನು ‘ಜೀವನ ತರಬೇತುದಾರರು’ ಎಂಬ ಕನ್ನಡ ರೂಪವನ್ನು ಸಿದ್ಧಪಡಿಸಿಕೊಂಡು ಹೋಗಿದ್ದೆ. ಅವರು ಅದನ್ನು ಕೇಳಿ ಕೈಮುಗಿದು, "ಸರ್, ನೀವು ವಿದ್ಯಾಶ್ರೀ ಅಂತಲೇ ಕರೆಯಿರಿ" ಎಂದರು.

ಈ ದುರವಸ್ಥೆಗೆ ಕಾರಣವನ್ನು ಕ್ರಮವಾಗಿ ಹೇಳುವುದು ಒಳ್ಳೆಯದು. ಕಮಲಾಪುರದಲ್ಲಿ ನನ್ನ ತಂಗಿ ಶಾಂತಾ ಇದ್ದಾಳೆ. ಅವಳ ಮಗಳು ರೇಣುಕಾ ಕಲಬುರಗಿಯಲ್ಲಿ ಓದುವಾಗ ಶಹಾಬಜಾರದ ನಮ್ಮ ಮನೆಯಲ್ಲೇ ಇದ್ದವಳು. ಮಕ್ಕಳಿಲ್ಲದ ನನಗೂ ನನ್ನ ಹೆಂಡತಿ ಸುಮಂಗಲೆಗೂ ಅವಳೇ ಮಗಳು. ಹಿಂದಿನ ವರ್ಷ ಅವಳನ್ನು ನೋಡಲು ಗಂಡಿನವರು ಬಂದಿದ್ದರು. ಹುಡುಗ ತನ್ನ ಹವ್ಯಾಸ ಓದು ಎಂದ. ಈಚೆಗೆ ಓದಿದ್ದು ಯಾವ ಪುಸ್ತಕ ಎಂದು ಕೇಳಿದೆ. ಇದು ಸಹಜವಾದ ಪ್ರಶ್ನೆ. ಅವನು ಒಂದು ಹೆಸರು ಹೇಳಿದ. ಹಾಗಾದರೆ ಅದರ ಸಾರಾಂಶವನ್ನು ನಿಮ್ಮ ಸ್ವಂತ ವಾಕ್ಯಗಳಲ್ಲಿ ಹೇಳಿ ಎಂದೆ. ಇದೂ ಸಹಜವೆಂದೇ ನನಗೆ ತೋರಿತ್ತು. ಚಹಾ ಬರುವ ಮೊದಲೇ ಅವರ ವಾಹನ ಹೊರಟುಹೋಯಿತು. ಹೋಗಲಿ, ಆ ಹುಡುಗ ರೇಣುಕಾಗೂ ಹಿಡಿಸಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆವು.

ಈ ಸಲದ ಸಂಗತಿ ಬೇರೆ. ಹುಡುಗನನ್ನು ರೇಣುಕಾಳೇ ಆರಿಸಿಕೊಂಡಿದ್ದಳು. ಹೆಸರು ಮಲ್ಲಿಕಾರ್ಜುನ, ಅವಳು ಕೆಲಸ ಮಾಡುವ ಪ್ರಯೋಗಾಲಯದಲ್ಲೇ ಅವನಿಗೂ ಕೆಲಸ, ಶರಣಸಿರಸಗಿಯಲ್ಲಿ ತೊಗರಿ ಬೆಳೆಯುವ ಮನೆತನ. ಶಾಂತಾ ಫೋನಿನಲ್ಲಿ ನೇರವಾಗಿಯೇ ಹೇಳಿದಳು: "ಅಣ್ಣಾ, ಸೋದರಮಾವ ಇರಲಾರದ ಮಾತುಕತಿ ಆಗೂದಿಲ್ಲ, ಅದಕ್ಕ ನೀ ಬರಲೇಬೇಕು. ಆದ್ರ ನಿನ್ನ ಕಾಲಿಗಿ ಬೀಳ್ತೀನಿ, ಬಾಯಿ ಮಾತ್ರ ತೆರೀಬ್ಯಾಡ. ಈ ಹುಡುಗ ಆಕಿಗಿ ಭಾಳ ಪಸಂದ ಬಂದಾನ. ಇದೂ ಮುರೀತಂದ್ರ ಆಕಿ ಮತ್ತ ನಿನ್ನ ಮಾರಿ ನೋಡೂದಿಲ್ಲ."

ಕೊನೆಯ ವಾಕ್ಯ ನನ್ನನ್ನು ಇಡೀ ದಿನ ಕಾಡಿತು. ಸುಮಂಗಲೆ ಸಾಂತ್ವನ ಹೇಳುವ ಸ್ವಭಾವದವಳಲ್ಲ. "ಸುಮ್ನ ಕೂಡೂದು ನಿಮ್ಮ ಕೈಲೆ ಆಗೋ ಕೆಲಸಲ್ಲ ಬಿಡ್ರಿ. ಅದಕ್ಕೂ ಟ್ಯೂಷನ್ ಹಚ್ಚಬೇಕಾಗ್ತದ" ಎಂದಳು. ಹಾಗೆ ಅಂದವಳೇ ಎಲ್ಲಿಂದಲೋ ವಿದ್ಯಾಶ್ರೀಯವರ ವಿಳಾಸವನ್ನೂ ತಂದುಕೊಟ್ಟಳು.

ಆ ಕೋಣೆಯಲ್ಲಿ ಕುರ್ಚಿಯೇ ಇರಲಿಲ್ಲ. ಅರ್ಧ ತುಂಬಿದ ಜೋಳದ ಚೀಲದಂಥ ಒಂದು ಆಸನವಿತ್ತು. ಅದರಲ್ಲಿ ಕುಳಿತೊಡನೆ ಮನುಷ್ಯನ ಘನತೆ ಮೊದಲು ಮುಳುಗುತ್ತದೆ, ಆಮೇಲೆ ಸೊಂಟ. "ಇನ್ನು ಕೆಲವು ವರ್ಷಗಳಲ್ಲಿ ನಿಮ್ಮನ್ನು ನೀವು ಎಲ್ಲಿ ಕಾಣಲು ಬಯಸುತ್ತೀರಿ, ಸರ್?" ಎಂದು ಅವರು ಮೃದುವಾಗಿ ಕೇಳಿದರು. "ಈ ಚೀಲದಿಂದ ಎದ್ದು ನಿಂತಿರುವಂತೆ" ಎಂದೆ. ನಿಮ್ಮೊಳಗಿನ ಮಗುವಿನೊಂದಿಗೆ ಮಾತನಾಡಿ ಎಂದರು. ಕಣ್ಣು ಮುಚ್ಚಿ ಪ್ರಾಮಾಣಿಕವಾಗಿ ಹುಡುಕಿದೆ. ನನ್ನೊಳಗೆ ಮಗುವಿರಲಿಲ್ಲ, ಕ್ಲಾಸ್ ಮಾನಿಟರ್ ಒಬ್ಬನಿದ್ದ. ಅವನು ಆಗಲೇ ಮಾತನಾಡಿದವರ ಹೆಸರುಗಳನ್ನು ಹಲಗೆಯ ಮೇಲೆ ಬರೆಯುತ್ತಿದ್ದ.

ವಿದ್ಯಾಶ್ರೀ ನಗಲಿಲ್ಲ. ಅವರು ಒಳ್ಳೆಯ ಶಿಕ್ಷಕಿ ಎಂದು ನಾನು ಆಗಲೇ ತೀರ್ಮಾನಿಸಿದೆ. ಅವರು ಕಲಿಸಿದ ವಿಧಾನವೂ ಅಚ್ಚುಕಟ್ಟಾಗಿತ್ತು: ಯಾರನ್ನಾದರೂ ತಿದ್ದಬೇಕೆಂದು ನಾಲಿಗೆ ತುರಿಸಿದಾಗ ಪಾದಗಳನ್ನು ನೆಲಕ್ಕೆ ಊರಬೇಕು, ಉಸಿರನ್ನು ನಿಧಾನವಾಗಿ ಹೊರಬಿಡಬೇಕು, ನಸುನಗಬೇಕು. ನಾನು ಶ್ರದ್ಧೆಯಿಂದ ಅಭ್ಯಾಸ ಮಾಡಿದೆ. ಆಟೋದವನು ಸುತ್ತು ದಾರಿ ಹಿಡಿದಾಗ ಪಾದ ಊರಿದೆ. ಪಕ್ಕದ ಮನೆಯವರು ಸ್ಕೂಟರನ್ನು ನಮ್ಮ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿದಾಗ ಉಸಿರು ಬಿಟ್ಟೆ. ಸುಮಂಗಲೆ ಚಪಾತಿಯ ಡಬ್ಬಿಗೆ ಬೇಳೆಯ ಡಬ್ಬಿಯ ಮುಚ್ಚಳ ಹಾಕಿದಾಗ ನಸುನಕ್ಕೆ. ಅವಳು ಗಾಬರಿಯಾಗಿ ಲಟ್ಟಣಿಗೆ ಕೆಳಗಿಟ್ಟು, "ಯಾಕ್ರೀ, ಎದಿಯಾಗ ನೋವಾಗಾಕತ್ತದೇನು?" ಎಂದು ಕೇಳಿದಳು. ನಗೆಯ ಮೇಲೆ ಇನ್ನೂ ಸ್ವಲ್ಪ ಕೆಲಸ ಮಾಡಬೇಕೆಂದು ವಿದ್ಯಾಶ್ರೀಯವರೂ ಒಪ್ಪಿಕೊಂಡರು.

ಕಡೆಗೆ ಆ ಭಾನುವಾರ ಬಂತು. ಕಮಲಾಪುರದ ಪಡಸಾಲೆಯಲ್ಲಿ ಜಮಖಾನ ಹಾಸಿ, ನಡುವೆ ಆ ಊರಿನ ಕೆಂಪು ಬಾಳೆಹಣ್ಣಿನ ತಟ್ಟೆ ಇಟ್ಟಿದ್ದರು. ಶಾಂತಾ, ಸುಮಂಗಲೆ, ರೇಣುಕಾ ಅಡುಗೆಮನೆಯಲ್ಲಿದ್ದರು. ಪಡಸಾಲೆಯ ಒಂದು ಕಡೆ ಮಲ್ಲಿಕಾರ್ಜುನ ಮತ್ತು ಅವನ ತಂದೆ ಶಿವಶರಣಪ್ಪನವರು. ಎದುರಿಗೆ ನಾನು ಮತ್ತು ತಂಗಿಯ ಗಂಡ. ಆತ ಹುಟ್ಟಾ ಮಿತಭಾಷಿ. ಇಂಥ ಸಂದರ್ಭಗಳಲ್ಲಿ ಮೀಸೆಯನ್ನು ಮಾತ್ರ ಅಲುಗಾಡಿಸುತ್ತಾನೆ. ಶಿವಶರಣಪ್ಪನವರು ಮಾತು ಆರಂಭಿಸಿದರು. ಮಗನ ವಯಸ್ಸನ್ನು ತಪ್ಪು ಹೇಳಿದರು, ಪಾದ ಊರಿದೆ. ಮದುವೆಯ ಅಡುಗೆಯಿಂದ ಆರಂಭಿಸಿ ಹಿಂದಕ್ಕೆ ನಿಶ್ಚಿತಾರ್ಥಕ್ಕೆ ಬಂದರು, ಉಸಿರು ಬಿಟ್ಟೆ. "ನಿಮ್ಮ ಅಭಿಪ್ರಾಯ ಏನ್ರೀ ಮಾವನೋರೆ?" ಎಂದು ಕೇಳಿದರು, ನಸುನಕ್ಕೆ. ಮತ್ತೊಮ್ಮೆ ಕೇಳಿದರು. ಇನ್ನೂ ವಿಶಾಲವಾಗಿ ನಸುನಕ್ಕೆ. ನನ್ನ ಸಂಯಮಕ್ಕೆ ನಾನೇ ಬೆರಗಾಗಿದ್ದೆ.

ಈ ಆನಂದದಲ್ಲಿ, ನಮ್ಮ ಕಡೆಯ ಮಕ್ಕಳಿಗೂ ಗೊತ್ತಿರುವ ಒಂದು ಸಂಗತಿಯನ್ನು ನಾನು ಮರೆತುಬಿಟ್ಟಿದ್ದೆ. ನನ್ನ ಬಾಯಿಗೆ ಬೀಗ ಹಾಕುವ ಗಡಿಬಿಡಿಯಲ್ಲಿ ಶಾಂತಾಳೂ ಮರೆತಿದ್ದಳು. ಸಂಬಂಧ ಒಪ್ಪಿಗೆಯಾದ ಸೋದರಮಾವ ಮಾತುಕತೆಯಲ್ಲಿ ತಕರಾರು ಮಾಡುತ್ತಾನೆ, ಗದರುತ್ತಾನೆ, ಅಡುಗೆಯವರ ವಿಷಯಕ್ಕೂ ಜಗಳ ತೆಗೆಯುತ್ತಾನೆ. ಒಪ್ಪಿಗೆಯಾಗದವನು ಸುಮ್ಮನೆ ಕೂಡುತ್ತಾನೆ.

ಶಿವಶರಣಪ್ಪನವರ ಮಾತು ಕ್ರಮೇಣ ತೆಳುವಾಯಿತು. ಅವರು ಹೆಗಲ ಮೇಲಿನ ಟವೆಲ್ ಸರಿಪಡಿಸಿಕೊಂಡು, ಮಗನ ಕಡೆ ತಿರುಗಿ, "ಮಾವನೋರು ನಾರಾಜ ಇದ್ದಂಗ ಕಾಣ್ತದಪಾ. ಒತ್ತಾಯದ ಸಂಬಂಧ ಬ್ಯಾಡ, ಏಳೋಣು" ಎನ್ನುತ್ತ ಎದ್ದು ನಿಂತರು. ಮಲ್ಲಿಕಾರ್ಜುನನ ಮುಖ ಬಿಳಿಚಿತು. ಅಡುಗೆಮನೆಯ ಬಾಗಿಲಲ್ಲಿ ಕಾಣಿಸಿಕೊಂಡ ಶಾಂತಾ, "ಅಣ್ಣಾ, ಏನರೆ ಒಂದು ಮಾತಾಡೋ!" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು. ನಾನು ಬಾಯಿ ತೆರೆದೆ. ಒಂದು ಶಬ್ದವೂ ಹೊರಡಲಿಲ್ಲ. ಬುಧವಾರಗಳ ಪಾಠ ಅಷ್ಟು ಚೆನ್ನಾಗಿ ಒಳಗಿಳಿದಿತ್ತು. ಬಂದದ್ದು ಮತ್ತೊಂದು ನಸುನಗೆ.

ಅಷ್ಟರಲ್ಲಿ ಮಲ್ಲಿಕಾರ್ಜುನ ತನ್ನ ಫೋನು ನೋಡಿದ. ತಂದೆಯ ಕಿವಿಯಲ್ಲಿ ಏನೋ ಹೇಳಿದ. ಶಿವಶರಣಪ್ಪನವರು ಗೊಣಗುತ್ತಲೇ ಮತ್ತೆ ಕುಳಿತು, ತಟ್ಟೆಯಿಂದ ಒಂದು ಬಾಳೆಹಣ್ಣು ತೆಗೆದುಕೊಂಡರು. ತೊಟ್ಟನ್ನು ಕೆಳಗೆ ಮಾಡಿ ಹಿಡಿದರು. ತುದಿಯ ಕಪ್ಪು ಮೂತಿಯನ್ನು ಉಗುರಿನಿಂದ ಚಿವುಟಿ, ಅಲ್ಲಿಂದ ಸಿಪ್ಪೆ ಸುಲಿಯತೊಡಗಿದರು.

ಪಾದ ಊರಿದೆ. ಉಸಿರು ಬಿಟ್ಟೆ. ಎರಡನೆಯ ಎಸಳು ಇಳಿಯುವಷ್ಟರಲ್ಲಿ, "ನಿಲ್ಲಿಸಿ! ಬಾಳೆಹಣ್ಣನ್ನು ತೊಟ್ಟಿನ ಕಡೆಯಿಂದ ಸುಲಿಯಬೇಕು!" ಎಂಬ ಧ್ವನಿ ಪಡಸಾಲೆಯಲ್ಲೆಲ್ಲ ಮೊಳಗಿತು. ಧ್ವನಿ ನನ್ನದೇ.

ಶಿವಶರಣಪ್ಪನವರ ಮುಖ ಅರಳಿತು. "ಹಾಂ! ಈಗ ಮಾತಿಗಿ ಬಂದ್ರು ನೋಡ್ರಿ! ಯಾಕ್ರೀ ಮಾವನೋರೆ, ತೊಟ್ಟು ಹಿಡಕೊಳ್ಳಾಕ ಅದ. ಹಿಡಕೀನೇ ಕಿತ್ತಿದ್ರ ಹಣ್ಣು ಎದರಲೆ ಹಿಡೀಬೇಕು?" ಎಂದರು. ಎಂಥ ತರ್ಕ! ನಾನು ಜಮಖಾನದ ಮೇಲೆ ಮುಂದಕ್ಕೆ ಸರಿದೆ. ಹಣ್ಣಿನಿಂದ ಆರಂಭವಾದ ತಕರಾರು ನಿಶ್ಚಿತಾರ್ಥಕ್ಕೆ, ಅಲ್ಲಿಂದ ಮಂಟಪಕ್ಕೆ, ಅಲ್ಲಿಂದ ಪಲ್ಯಗಳ ಸಂಖ್ಯೆಗೆ ಹೋಯಿತು. ಎಲ್ಲದಕ್ಕೂ ಜಗಳವಾಡಿದೆವು, ಎಲ್ಲವೂ ನಿಶ್ಚಯವಾಯಿತು. ಶಾಂತಾ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ನನ್ನ ಬಾಯಿಗೆ ಹಾಕುವಾಗ ಅವಳ ಕಣ್ಣು ಒದ್ದೆಯಾಗಿತ್ತು.

ಕಲಬುರಗಿಗೆ ಮರಳುವ ಬಸ್ಸಿನಲ್ಲಿ ಸುಮಂಗಲೆ ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದಳು. ಕೇಳಿದಾಗ ಹೇಳಿದಳು: "ಆ ಫೋನಿಗಿ ಮೆಸೇಜ್ ಕಳಿಸಿದಾಕಿ ರೇಣುಕಾ. ‘ನಿಮ್ಮ ಅಪ್ಪಾಜಿಗಿ ಒಂದು ಬಾಳಿಹಣ್ಣು ತಿನ್ನಾಕ ಹೇಳ್ರಿ, ಮಾವ ತಾನಾಗೇ ಮಾತಾಡ್ತಾನ’ ಅಂತ. ಅವರ ಮನ್ಯಾಗ ಎಲ್ಲಾರೂ ತಲಿಕೆಳಗೇ ಸುಲೀತಾರಂತ. ಆ ಹುಡುಗನೂ ಹಂಗೇ."

ಹುಡುಗನೂ! ಇದು ನನಗೆ ಮೊದಲೇ ತಿಳಿದಿದ್ದರೆ ಎಂದುಕೊಂಡೆ. ಆದರೆ ಮೂರನೆಯ ಸೀಟಿನವರೆಗೂ ಕೇಳುವಂತೆ ಸುಮಂಗಲೆ ನಗುತ್ತಿದ್ದಳು. ರೇಣುಕಾ ನಮ್ಮನ್ನು ಬಸ್ಸಿಗೆ ಹತ್ತಿಸುವಾಗ ನನ್ನ ಕೈಯನ್ನು ಬಿಟ್ಟಿರಲಿಲ್ಲ. ಹಾಗಾಗಿ ಆ ವಾಕ್ಯವನ್ನು ಪೂರ್ಣಗೊಳಿಸದೆ ಬಿಟ್ಟೆ.

ಬುಧವಾರ ವಿದ್ಯಾಶ್ರೀಯವರಿಗೆ ನಡೆದುದನ್ನೆಲ್ಲ ಕ್ರಮವಾಗಿ ನಿವೇದಿಸಿದೆ. ಅವರು ಎಲ್ಲವನ್ನೂ ಕೇಳಿ, ಹಾಗಾದರೆ ಮುಂದೆ ಯಾವ ಬದಲಾವಣೆಯ ಮೇಲೆ ಕೆಲಸ ಮಾಡೋಣ, ಸರ್, ಎಂದರು. ಅದಕ್ಕೂ ನಾನು ಸಿದ್ಧನಾಗಿಯೇ ಹೋಗಿದ್ದೆ. ನನ್ನ ಉಳಿದ ಪಾಠಗಳನ್ನು ಬೀಗರಾದ ಶಿವಶರಣಪ್ಪನವರಿಗೆ ವರ್ಗಾಯಿಸಲು ಅವಕಾಶವಿದೆಯೇ ಎಂದು, ಆ ಚೀಲದ ಆಳದಿಂದಲೇ, ವಿನಯಪೂರ್ವಕವಾಗಿ ವಿಚಾರಿಸಿದೆ.