ಟೇಲರ್ ತಾಜುದ್ದೀನನ ಬಲಗಾಲಿಗೆ ಮಂಜೂರಾದ ಕರುಣೆ

೧೯೮೩ರ ಮಾರ್ಚ್ ತಿಂಗಳಲ್ಲಿ ಯಲಹಂಕದ ಕಡೆಯ ಒಂದು ಸರ್ಕಾರಿ ಆಸ್ಪತ್ರೆಗೆ ಕರುಣೆ ಮಂಜೂರಾಯಿತು.

ಸುತ್ತೋಲೆ ಚಿಕ್ಕದು. 'ವೈದ್ಯರು ರೋಗಿಯ ಮುಖ ನೋಡಿ, ಅಹವಾಲು ಕೇಳಿ, ಮರುಗಿದ ನಂತರವೇ ಔಷಧಿ ಬರೆಯತಕ್ಕದ್ದು. ಮರುಗದೆ ಬರೆದ ಔಷಧಿಯನ್ನು ವಿತರಿಸತಕ್ಕದ್ದಲ್ಲ.'

ಡಾಕ್ಟರ್ ಚನ್ನಕೇಶವ ಒಳ್ಳೆಯ ವೈದ್ಯರು. ರೋಗಿಯ ಮುಖ ನೋಡುವ ಅಭ್ಯಾಸ ಮಾತ್ರ ಇರಲಿಲ್ಲ. ಬಾಗಿಲಲ್ಲಿ ನೆರಳು ಬಿದ್ದ ಕೂಡಲೇ ಬರೆಯಲು ಶುರು ಮಾಡುತ್ತಿದ್ದರು. ರೋಗಿ ಕೂರುವಷ್ಟರಲ್ಲಿ ಚೀಟಿ ಮುಗಿದಿರುತ್ತಿತ್ತು. ಆದ್ದರಿಂದ ಯಾರೂ ಕೂರುತ್ತಿರಲಿಲ್ಲ. ರೋಗಿಯ ಸ್ಟೂಲನ್ನು ಕಾಂಪೌಂಡರ್ ಗಡಿಯಾರಕ್ಕೆ ಕೀ ಕೊಡುವಾಗ ಹತ್ತಲು ಇಟ್ಟುಕೊಂಡಿದ್ದ.

"ಮುಖ ನೋಡಿದ್ರೆ ಬರೆಯೋಕಾಗಲ್ಲ ಸಾರ್. ಬರೆದ್ರೆ ಮುಖ ನೋಡೋಕಾಗಲ್ಲ," ಎಂದರು ಡಾಕ್ಟರು.

ಆಸ್ಪತ್ರೆಯ ಅಧೀಕ್ಷಕರು ಒಪ್ಪಿದರು. ಮರುಗುವ ಕೆಲಸವನ್ನು ಬೇರೆಯವರಿಗೆ ವಹಿಸಬಹುದೇ ಎಂದು ಮೇಲಿನವರನ್ನು ಕೇಳಿದರು. ವಹಿಸಬಹುದು, ಆದರೆ ಅನುಭವಸ್ಥರಿಗೆ ಮಾತ್ರ ಎಂದು ಉತ್ತರ ಬಂತು.

ಆ ಸುತ್ತಮುತ್ತ ಮರುಗಿ ಅನುಭವವಿದ್ದವಳು ಒಬ್ಬಳೇ, ಅಮೃತಹಳ್ಳಿಯ ಲಕ್ಕಮ್ಮ. ಸಾವಿನ ಮನೆಯಲ್ಲಿ ಹೆಣದ ಮುಂದೆ ಕೂತು ಹಾಡಿಕೊಂಡು ಅಳುವವಳು. ಅವಳು ಅತ್ತರೆ ಸತ್ತವನ ದಾಯಾದಿಗಳೂ ಅಳುತ್ತಿದ್ದರು. ಅವಳನ್ನು ದಿನಗೂಲಿಯ ಮೇಲೆ ನೇಮಿಸಲಾಯಿತು. ಹುದ್ದೆಯ ಹೆಸರು ಕರುಣಾ ಸಹಾಯಕಿ. ಡಾಕ್ಟರ ಬಾಗಿಲಿನ ಹೊರಗೆ ಚಾಪೆ ಹಾಸಿ ಕೂರಿಸಿದರು.

ಮೊದಲ ದಿನವೇ ಟೇಲರ್ ತಾಜುದ್ದೀನ್ ಬಂದ. ಬಲಗಾಲಿನ ಅಡಿಯಲ್ಲಿ ಹುಣ್ಣು. ಏನು ಮಾಡಿದರೂ ಮಾಗುತ್ತಿರಲಿಲ್ಲ. ಅವನ ಅಪ್ಪನಿಗೂ ಇಂಥದೇ ಹುಣ್ಣಾಗಿ ಕಾಲು ತೆಗೆದಿದ್ದರು. ತಾಜುದ್ದೀನನಿಗೆ ಬೇಕಿದ್ದದ್ದು ಒಂದೇ ಮಾತು: ಕಾಲು ಉಳಿಯುತ್ತದೋ ಇಲ್ಲವೋ. ಹೊಲಿಗೆ ಮಿಷನ್ನು ಕಾಲಲ್ಲಿ ತುಳಿಯುವಂಥದು. ಹೆಂಡತಿ ಸಬೀರಾ ಜೊತೆಗೆ ಬಂದಿದ್ದಳು.

"ಡಾಕ್ಟರ್ ಸಾಬ್‌ನ ಒಂದ್ ಮಾತು ಕೇಳ್ಬೇಕಿತ್ತಮ್ಮ," ಎಂದ ತಾಜುದ್ದೀನ್.

"ಅದಕ್ ಮುಂಚೆ ನಾನು ಮರುಗ್ಬೇಕು ಕಣಪ್ಪ. ರೂಲ್ಸು," ಎಂದಳು ಲಕ್ಕಮ್ಮ. "ಏನಾಗೈತೆ ಏಳು."

"ಕಾಲು."

"ಯಾವ್ ಕಾಲು?"

"ಬಲಗಾಲು."

ಲಕ್ಕಮ್ಮ ಸೆರಗು ಬಾಯಿಗಿಟ್ಟಳು. ಸತ್ತದ್ದಕ್ಕೆ ಅಳುವುದೊಂದೇ ಅವಳಿಗೆ ಬರುತ್ತಿದ್ದ ಕ್ರಮ.

"ಅಯ್ಯೋ ಮಿಷನ್ ತುಳಿದ ಕಾಲೇ! ಊರ್ ಮಂದಿಗೆಲ್ಲ ಅಂಗಿ ಒಲಿದ ಕಾಲೇ! ಜತೆಗಾರನ್ನ ನಡುದಾರೀಲಿ ಬಿಟ್ಟು ಓದ್ಯಲ್ಲೋ! ಎಡಗಾಲಿಗೆ ಇನ್ಯಾರೋ ದಿಕ್ಕು!"

"ಹೋಗಿಲ್ಲಮ್ಮ, ಇಲ್ಲೇ ಇದೆ," ಎಂದು ತಾಜುದ್ದೀನ್ ಕಾಲು ಮುಂದೆ ಚಾಚಿದ.

"ಅಡ್ಡ ಬಾಯಾಕ್ಬೇಡ. ಧಾಟಿ ತಪ್ತದೆ."

ಸಾಲಿನಲ್ಲಿದ್ದವರೆಲ್ಲ ಅತ್ತರು. ಕೆಮ್ಮಿಗೆ ಬಂದವನು ಕೆಮ್ಮು ನಿಲ್ಲಿಸಿ ಅತ್ತ. ಸಬೀರಾ ಅಳಲಿಲ್ಲ.

"ಏ ಬುಡ್ಡಿ, ಬಾಯ್ ಮುಚ್ಚು! ನಮ್ಮೋರ ಕಾಲು ಗಟ್ಟಿಯಾಗಿದೆ. ಬೇಕಾದ್ರೆ ಒದೆಸ್ಕೊಂಡು ನೋಡು."

ಲಕ್ಕಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಸಾವಿನ ಮನೆಯಲ್ಲಿ ಹೆಂಡತಿಯರು ಏನೇನೋ ಆಡುತ್ತಾರೆ.

ಡಾಕ್ಟರು ತಲೆ ಎತ್ತದೆ ಮುಲಾಮು ಬರೆದರು.

"ಸಾಬ್, ಕಾಲು ಉಳಿಯುತ್ತಾ?"

"ಮರುಗಿದ್ದಾಯ್ತಲ್ಲ? ನೆಕ್ಸ್ಟ್."

ಮುಂದಿನ ವಾರ ಲೆಕ್ಕ ತಪಾಸಣೆಯವರು ಬಂದರು. ಕೆಮ್ಮಿನವನ ಹೇಳಿಕೆ ಪಡೆದರು. ಆಕ್ಷೇಪಣೆ ಬರೆದರು. 'ಸದರಿ ರೋಗಿಯ ಬಲಗಾಲಿಗೆ ನೀಡಿರುವ ಕರುಣೆಯು ಕಾಲು ಕಳೆದುಕೊಂಡವರಿಗೆ ಸಲ್ಲತಕ್ಕ ಪ್ರಮಾಣದ್ದಾಗಿದೆ. ನೀಡಿರುವ ಚಿಕಿತ್ಸೆಯು ಕೇವಲ ಮುಲಾಮು. ಇವೆರಡಕ್ಕೂ ತಾಳೆ ಇರುವುದಿಲ್ಲ. ಹೆಚ್ಚುವರಿ ಕರುಣೆಯನ್ನು ಹಿಂಪಡೆಯತಕ್ಕದ್ದು. ತಪ್ಪಿದಲ್ಲಿ ಕಾಲನ್ನು ತೆಗೆಯತಕ್ಕದ್ದು.'

ಅಧೀಕ್ಷಕರು ಲಕ್ಕಮ್ಮನನ್ನು ಕರೆಸಿದರು.

"ಅತ್ತಿದ್ದನ್ನ ವಾಪಸ್ ತಗೊಳ್ಳೋಕಾಗುತ್ತೇನಮ್ಮ?"

"ಎಲ್ಲಾನಾ ಉಂಟಾ ಸೋಮಿ? ಅತ್ತಿದ್ದು ಅತ್ತಿದ್ದೇ. ಇಂದಕ್ಕೆ ತಗಂಡ್ರೆ ಅದೇ ಮನೇಲಿ ಇನ್ನೊಂದ್ ಓಗ್ತದೆ."

"ಇನ್ನೊಂದು ಅಂದ್ರೆ? ಎಡಗಾಲಾ?"

"ಅದು ಮೇಲಿರೋನಿಗೆ ಗೊತ್ತು."

ಅಧೀಕ್ಷಕರು ಯೋಚಿಸಿದರು. ಎರಡು ಹೋಗುವುದಕ್ಕಿಂತ ಒಂದು ಹೋಗುವುದು ಮೇಲು ಎಂದು ಆದೇಶ ಮಾಡಿದರು. ಕರುಣೆಯಿಂದಲೇ ಮಾಡಿದರು.

ತಾಜುದ್ದೀನನನ್ನು ಕರೆಸಿ ದಾಖಲು ಮಾಡಿಕೊಂಡರು. ಸಬೀರಾ ಅಂಗಡಿಯಿಂದ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಂದು ಮಂಚದ ಪಕ್ಕ ಕೂತಳು.

"ಯಾರಾದ್ರೂ ಕಾಲಿಗೆ ಕೈ ಹಾಕ್ಲಿ, ನೋಡ್ಕೋತೀನಿ," ಎಂದಳು.

"ಸುಮ್ನಿರು ಸಬೀರಾ. ಓದಿದೋರು, ಅವ್ರಿಗೆ ಗೊತ್ತಿರುತ್ತೆ," ಎಂದ ತಾಜುದ್ದೀನ್.

ಮಾರನೇ ದಿನ ದೊಡ್ಡಾಸ್ಪತ್ರೆಯಿಂದ ಸರ್ಜನ್ ಬರುವವರಿದ್ದರು. ಎಲ್ಲಿಗೆ ಕೊಯ್ಯಬೇಕೆಂದು ಗುರುತು ಹಾಕುವ ಕೆಲಸ ಡಾಕ್ಟರ್ ಚನ್ನಕೇಶವರದು. ಗುರುತು ಹಾಕಬೇಕಾದರೆ ಕಾಲನ್ನು ನೋಡಲೇಬೇಕು. ಬೇರೆ ದಾರಿ ಇರಲಿಲ್ಲ. ಕತ್ತರಿಯಿಂದ ಸ್ವಲ್ಪ ದೂರ ನಿಂತು, ಪೆನ್ನು ಹಿಡಿದು ಬಗ್ಗಿದರು. ನೋಡಿದರು. ಇನ್ನೊಮ್ಮೆ ನೋಡಿದರು.

"ಏನ್ ಕೆಲ್ಸ ನಿಂದು?"

"ಟೇಲರ್, ಸಾಬ್."

"ಬರಿಗಾಲಲ್ಲಿ ತುಳೀತೀಯಾ?"

"ಹೂಂ ಸಾಬ್. ಚಪ್ಪಲಿ ಹಾಕಿದ್ರೆ ಹಿಡಿತ ಸಿಗಲ್ಲ."

"ಪೆಡಲ್ ಮುರಿದಿದೆಯಾ?"

"ಒಂದ್ ಅಂಚು ಹೋಗಿದೆ. ಹೋದ ರಂಜಾನ್ ಟೈಮಲ್ಲಿ."

"ಹುಣ್ಣು ಯಾವಾಗಿಂದ?"

"ಆವಾಗಿಂದಾನೇ."

"ಕಬ್ಬಿಣ ಕೊಯ್ತಾ ಇದೆ ಕಣೋ. ಪೆಡಲ್ ಬದಲಾಯ್ಸು. ಹುಣ್ಣು ದಿನಾ ತೊಳಿ. ಮಾಗುತ್ತೆ. ಕಾಲಿಗೇನೂ ಆಗಿಲ್ಲ."

ತಾಜುದ್ದೀನ್ ಡಾಕ್ಟರ ಮುಖ ನೋಡಿದ. ಡಾಕ್ಟರೂ ಅವನ ಮುಖ ನೋಡಿದರು. ಆ ಆಸ್ಪತ್ರೆಯಲ್ಲಿ ಇದು ಹೊಸದು. ಇಬ್ಬರಿಗೂ ಮುಜುಗರವಾಯಿತು.

ಸಬೀರಾ ಕತ್ತರಿ ಕೆಳಗಿಟ್ಟು ಜೋರಾಗಿ ಅತ್ತಳು.

"ಈಗ್ ಅಳ್ತೀಯಲ್ಲೇ ತಾಯಿ," ಎಂದಳು ಬಾಗಿಲಲ್ಲಿದ್ದ ಲಕ್ಕಮ್ಮ. "ಅವತ್ತೇ ಅತ್ತಿದ್ರೆ ನಂಗೆ ಜತೆ ದನಿ ಆಗ್ತಿತ್ತು."

ಡಾಕ್ಟರು ಹೋಗಿ ಅಧೀಕ್ಷಕರಿಗೆ ತಿಳಿಸಿದರು.

"ಕಾಲು ಚೆನ್ನಾಗಿದೆ ಸಾರ್."

"ಇರಬಹುದು. ಆದರೆ ಆಕ್ಷೇಪಣೆ ಇದೆಯಲ್ಲ? ನೀವು ನೋಡಬಾರದಿತ್ತು ಚನ್ನಕೇಶವ್."

ಕಾಲು ಚೆನ್ನಾಗಿರುವುದು ಆಕ್ಷೇಪಣೆಗೆ ಉತ್ತರವಾಗುವುದಿಲ್ಲ. ಆದ್ದರಿಂದ ಅಧೀಕ್ಷಕರು ತಾಜುದ್ದೀನನ ಮಂಚದ ಹತ್ತಿರ ತಾವೇ ಬಂದರು.

"ನೋಡಪ್ಪ, ಕಾಲು ತೆಗೆದಿದ್ದೀವಿ ಅಂತ ಬರೀತೀವಿ. ತೆಗೆಯಲ್ಲ. ಒಪ್ಪಿಗೇನಾ?"

"ಕಾಲು ನನ್ ಹತ್ರಾನೇ ಇರುತ್ತಲ್ಲ ಸಾಬ್?"

"ನಿನ್ನ ವಶದಲ್ಲೇ ಇರುತ್ತೆ. ಸರ್ಕಾರದ ಪ್ರಕಾರ ಇರಲ್ಲ."

"ಸರ್ಕಾರಕ್ಕೆ ಕಾಣದಿದ್ರೆ ಪರವಾಗಿಲ್ರೀ," ಎಂದಳು ಸಬೀರಾ. "ನಮ್ಗೆ ಕಾಣುತ್ತಲ್ಲ."

ತಾಜುದ್ದೀನ್ ಸಹಿ ಹಾಕಿದ. ಸರ್ಜನ್ನರಿಗೆ ಬರುವುದು ಬೇಡವೆಂದು ಫೋನು ಹೋಯಿತು. ಊರುಗೋಲೊಂದನ್ನು ಉಚಿತವಾಗಿ ಕೊಟ್ಟು ಮನೆಗೆ ಕಳಿಸಿದರು. ಆಕ್ಷೇಪಣೆ ತೀರುವಳಿಯಾಯಿತು.

ತಮಗೆ ವಹಿಸದ ಕೆಲಸ ಮಾಡಿದ್ದಕ್ಕೆ ಡಾಕ್ಟರ್ ಚನ್ನಕೇಶವರಿಗೆ ನೋಟೀಸು ಬಂತು. ಅವರು ಸಮಜಾಯಿಷಿ ಬರೆದರು. 'ಗುರುತು ಹಾಕುವಾಗ ರೋಗಿಯು ಆಕಸ್ಮಿಕವಾಗಿ ಕಂಡಿರುತ್ತಾನೆ. ಮುಂದೆ ಹೀಗಾಗದಂತೆ ಎಚ್ಚರ ವಹಿಸುತ್ತೇನೆ.' ಸಮಜಾಯಿಷಿ ಅಂಗೀಕಾರವಾಯಿತು. ಲಕ್ಕಮ್ಮನ ನೌಕರಿ ಕಾಯಂ ಆಯಿತು. ಅವಳ ದನಿ ಕೆಟ್ಟ ದಿನ ರೋಗಿಗಳನ್ನು ವಾಪಸ್ ಕಳಿಸುತ್ತಿದ್ದರು. ಯಾರೂ ದೂರು ಕೊಡಲಿಲ್ಲ.

ತಾಜುದ್ದೀನ್ ಪೆಡಲ್ ಬದಲಾಯಿಸಿದ. ಹುಣ್ಣು ಮಾಗಿತು.

ದಸರೆಯ ಹೊತ್ತಿಗೆ ಆಸ್ಪತ್ರೆಯ ಸಿಬ್ಬಂದಿಗೆ ಯೂನಿಫಾರಂ ಹೊಲಿಸಬೇಕಾಯಿತು. ಅಂಗವಿಕಲ ಟೇಲರುಗಳಿಗೆ ಆದ್ಯತೆ ಕೊಡಬೇಕೆಂದು ಆದೇಶವಿತ್ತು. ಆಸ್ಪತ್ರೆಯ ದಾಖಲೆಯಲ್ಲಿ ಅಂಥವನು ಒಬ್ಬನೇ ಇದ್ದ. ತಾಜುದ್ದೀನ್ ಎರಡೂ ಕಾಲಲ್ಲಿ ಮಿಷನ್ ತುಳಿದು ವಾಯಿದೆಗೆ ಮೊದಲೇ ಮುಗಿಸಿದ. ಗಂಟು ಹೊತ್ತು, ಊರುಗೋಲನ್ನು ಕಂಕುಳಲ್ಲಿ ಇರುಕಿಕೊಂಡು ನಡೆದು ಬಂದು ಕೊಟ್ಟ.

ಒಂದೇ ಕಾಲಿನಲ್ಲಿ ಇಷ್ಟು ಬೇಗ ಹೊಲಿದದ್ದಕ್ಕೆ ಅವನಿಗೆ ಸನ್ಮಾನವಾಯಿತು. ಅಧೀಕ್ಷಕರು ಭಾಷಣ ಮಾಡಿದರು. ಡಾಕ್ಟರ್ ಚನ್ನಕೇಶವ ಶಾಲು ಹೊದಿಸಿದರು. ಕೆಳಗೆ ನೋಡಲಿಲ್ಲ.