ಹಾಸಿಗೆ ಹನ್ನೊಂದರ ಫ್ಲಾಸ್ಕ್

ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ ಮನುಷ್ಯನನ್ನು ವಾರ್ಡಿಗೆ ಸೇರಿಸಿಕೊಳ್ಳಬೇಕೋ, ಮಾತ್ರೆ ಕೊಟ್ಟು ಮನೆಗೆ ಕಳಿಸಬೇಕೋ ಎಂಬುದನ್ನು ನಿರ್ಧರಿಸುವ ಏಕೈಕ ಅಂಶ ಫ್ಲಾಸ್ಕ್ ಎಂದು ಶಿವಮೊಗ್ಗದ ಒಂದು ದೊಡ್ಡ ಆಸ್ಪತ್ರೆಯ ಅಧ್ಯಯನ ಸಮಿತಿ ಕಳೆದ ವರ್ಷ ಕಂಡುಹಿಡಿಯಿತು.

ಸಮಿತಿ ಮೂರು ತಿಂಗಳು ಬೆವರು ಸುರಿಸಿ ವಯಸ್ಸು, ಜ್ವರ, ಬಿಪಿ, ಮುರಿದ ಮೂಳೆ ಎಲ್ಲವನ್ನೂ ಪರಿಶೀಲಿಸಿತ್ತು. ಯಾವುದೂ ತಾಳೆಯಾಗಲಿಲ್ಲ. ಜ್ವರ ಇದ್ದವರು ಮನೆಗೆ ಹೋಗಿದ್ದರು, ಇಲ್ಲದವರು ವಾರ್ಡಿನಲ್ಲಿ ಮಲಗಿದ್ದರು. ಆದರೆ ದಾಖಲಾದ ನಾನೂರ ಹನ್ನೆರಡು ಮಂದಿಯಲ್ಲಿ ನಾನೂರ ಒಂಬತ್ತು ಮಂದಿಯ ಮಂಚದ ಪಕ್ಕ ಫ್ಲಾಸ್ಕ್ ಇತ್ತು. ಉಳಿದ ಮೂವರ ಫ್ಲಾಸ್ಕ್ ಕಾಫಿ ತರಲು ಹೋಗಿತ್ತು. ಕೂಡಲೇ ಗೋಡೆಯ ಮೇಲೆ ಪ್ರಕಟಣೆ ಬಿತ್ತು: "ಫ್ಲಾಸ್ಕ್‌ರಹಿತ ವ್ಯಕ್ತಿಗಳನ್ನು ಆರೋಗ್ಯವಂತರೆಂದು ಪರಿಗಣಿಸಲಾಗುವುದು. ಈ ಬಗ್ಗೆ ರೋಗಿಗಳು ವಾದಿಸತಕ್ಕದ್ದಲ್ಲ." ಸವಳಂಗ ರಸ್ತೆಯ ಮೆಡಿಕಲ್ ಶಾಪಿನವರು ಮಾತ್ರೆಗಳನ್ನು ಹಿಂದಕ್ಕೆ ತಳ್ಳಿ ಮುಂದಿನ ಸಾಲಿನಲ್ಲಿ ಫ್ಲಾಸ್ಕ್ ಜೋಡಿಸಿದರು.

ಭದ್ರಾವತಿಯ ಹಾಲಮ್ಮನಿಗೆ ಇದೊಂದೂ ಗೊತ್ತಿರಲಿಲ್ಲ. ಒಂದು ಕಾಲಕ್ಕೆ ಕಾರ್ಖಾನೆಯಲ್ಲಿ ಕಬ್ಬಿಣ ಎತ್ತುತ್ತಿದ್ದ ಗಂಡ ಮಾರಪ್ಪ ಬೆಳಗ್ಗೆ ಹೊಟ್ಟೆಯ ಬಲಗಡೆ ಹಿಡಿದುಕೊಂಡು ಕುಸಿದಾಗ ಅವಳು ಉಟ್ಟ ಸೀರೆಯಲ್ಲೇ ಬೀದಿಗೆ ಓಡಿದಳು. ಆಟೋ ಹಿಡಿದು ಶಿವಮೊಗ್ಗಕ್ಕೆ ಕರೆತಂದಳು. ಮನೆಯ ಫ್ಲಾಸ್ಕ್ ಅಡುಗೆಮನೆಯ ಕಿಟಕಿಯಲ್ಲೇ ಉಳಿಯಿತು.

ದಾಖಲಾತಿ ಕೌಂಟರಿನಲ್ಲಿ ನರಸಿಂಹಮೂರ್ತಿಯವರಿದ್ದರು. ಕೆಟ್ಟ ಮನುಷ್ಯರೇನಲ್ಲ. ಸೀನು ಬಂದರೂ ನಿಯಮದಲ್ಲಿ ಅವಕಾಶವಿದೆಯೇ ಎಂದು ನೋಡಿ ಸೀನುವವರು, ಅಷ್ಟೆ.

"ಎಮರ್ಜೆನ್ಸಿ ಡಾಕ್ಟ್ರು ಮುಟ್ಟಿ ನೋಡಿದ್ರು ಸಾರ್. ಒಳಗೆ ಏನೋ ಊದ್ಕೊಂಡಿದೆಯಂತೆ, ಅಡ್ಮಿಟ್ ಮಾಡ್ಲೇಬೇಕಂತೆ," ಎಂದಳು ಹಾಲಮ್ಮ.

"ಡಾಕ್ಟ್ರು ಏನೋ ಹೇಳ್ತಿರ್ತಾರಮ್ಮ. ಫ್ಲಾಸ್ಕ್ ಎಲ್ಲಿ?"

"ತಂದಿಲ್ಲ ಸಾರ್."

"ಹಾಗಾದ್ರೆ ಇವರು ಹುಷಾರಾಗಿದ್ದಾರೆ."

ಬೆಂಚಿನ ಮೇಲೆ ಮುರುಟಿಕೊಂಡಿದ್ದ ಮಾರಪ್ಪ ಇದನ್ನು ಕೇಳಿ ಹುಷಾರಾಗಿರುವವನಂತೆ ನೆಟ್ಟಗೆ ಕೂರಲು ನೋಡಿದ. ಆಗಲಿಲ್ಲ. ಹಾಲಮ್ಮನಿಗೆ ಅಳು ಉಕ್ಕಿ ಬಂತು. ಇವನೇ ಹೋಗಿಬಿಟ್ಟರೆ ಎಂಬ ಒಂದೇ ಹೆದರಿಕೆಯಲ್ಲಿ ಸವಳಂಗ ರಸ್ತೆಗೆ ಓಡಿ ಸ್ಟೀಲಿನ ಫ್ಲಾಸ್ಕ್ ಕೊಂಡಳು. ಖಾಲಿ ಇದ್ದರೆ ಎಲ್ಲಿ ತಕರಾರು ತೆಗೆಯುತ್ತಾರೋ ಎಂದು ಬಿಸಿ ಕಾಫಿಯನ್ನೂ ತುಂಬಿಸಿಕೊಂಡು ಬಂದಳು.

ನರಸಿಂಹಮೂರ್ತಿ ಮುಚ್ಚಳ ತೆಗೆದು, ಹಬೆ ನೋಡಿ ತೃಪ್ತರಾದರು. ಫ್ಲಾಸ್ಕಿನ ಹಿಡಿಗೆ ರೋಗಿಯ ಪಟ್ಟಿ ಕಟ್ಟಿ, 'ಹಾಸಿಗೆ ಹನ್ನೊಂದು' ಎಂದು ಬರೆದು, ಎಮರ್ಜೆನ್ಸಿಯ ಚೀಟಿಯನ್ನು ಅದರ ಫೈಲಿಗೆ ಸೇರಿಸಿದರು. ಮಾರಪ್ಪನ ಕೈಗೆ ಒಂದು ಪಾಸ್ ಕೊಟ್ಟರು. ಅದರ ಮೇಲೆ 'ಪೇಷಂಟ್ ಕಡೆಯವರು' ಎಂದಿತ್ತು.

"ಸಾರ್, ನೋವಿರೋದು ಇವ್ರಿಗೆ!"

"ಇರಬಹುದಮ್ಮ. ಕಡೆಯವ್ರಿಗೆ ನೋವು ಬರಬಾರದು ಅಂತ ನಾವೇನೂ ಹೇಳಿಲ್ಲ. ಆದ್ರೆ ಅರ್ಹತೆ ಇರೋದು ಫ್ಲಾಸ್ಕಿಗೆ."

ವಾರ್ಡಿನಲ್ಲಿ ಫ್ಲಾಸ್ಕನ್ನು ಮಂಚದ ಮೇಲೆ ಮಲಗಿಸಿ ಕತ್ತಿನವರೆಗೆ ಹೊದಿಸಿದರು. ಮಾರಪ್ಪ ಕೆಳಗೆ ಚಾಪೆಯ ಮೇಲೆ ನರಳುತ್ತಿದ್ದ. ನರ್ಸ್ ಸೌಂದರ್ಯ ಬಂದು, "ಫ್ಲಾಸ್ಕ್ ಕಡೆಯವರು ಯಾರ್ರೀ? ಸ್ವಲ್ಪ ಸದ್ದು ಕಡಿಮೆ ಮಾಡಿ, ಪೇಷಂಟ್ ಮಲಗಿದೆ," ಎಂದಳು. ಥರ್ಮಾಮೀಟರನ್ನು ಕಾಫಿಗೆ ಅದ್ದಿ ನೋಡಿ ಗಾಬರಿಯಾದಳು. ಇಂಥ ಜ್ವರವನ್ನು ಅವಳು ತನ್ನ ಸರ್ವಿಸಿನಲ್ಲೇ ಕಂಡಿರಲಿಲ್ಲ. ಓಡಿಬಂದ ಡಾಕ್ಟರ್ ವಿಜಯೇಂದ್ರ ಫೈಲ್ ನೋಡಿ, "ಬಲಗಡೆ ಹೊಟ್ಟೆನೋವು, ಊತ, ಮೇಲೆ ಇಷ್ಟು ಜ್ವರ. ಹನ್ನೊಂದನ್ನ ತಕ್ಷಣ ಸ್ಕ್ಯಾನಿಂಗ್‌ಗೆ ಕಳ್ಸಿ," ಎಂದರು.

ಸ್ಟ್ರೆಚರ್ ಬಂತು. ಹಾಲಮ್ಮ ಕಣ್ಣೊರೆಸಿಕೊಂಡಳು. ರೇಷನ್ ಕಾರ್ಡು, ಗಂಡನ ಪಿಎಫ್ ಎಂದು ಮೂವತ್ತು ವರ್ಷ ಕಚೇರಿ ಅಲೆದವಳು. ನಿಯಮದ ಜೊತೆ ಜಗಳವಾಡಿ ಪ್ರಯೋಜನವಿಲ್ಲ, ಅದರ ಪಕ್ಕದಲ್ಲೇ ಚೂರು ಜಾಗ ಮಾಡಿಕೊಂಡು ಕೂರಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಸಿಸ್ಟರ್, ಅದೊಂದನ್ನೇ ಮಲಗಿಸಿದ್ರೆ ಉರುಳಿ ಬೀಳುತ್ತೆ. ಇವ್ರನ್ನ ಸ್ಟ್ರೆಚರ್ ಮೇಲೆ ಮಲಗಿಸಿ, ಹೊಟ್ಟೆ ಮೇಲೆ ಅದನ್ನ ಇಡಿ. ಪೇಷಂಟನ್ನ ಕಡೆಯವರು ಹಿಡ್ಕೋಬಹುದು ತಾನೆ?"

ಸೌಂದರ್ಯ ನಿಯಮದ ಪುಸ್ತಕ ತಿರುವಿದಳು. ಅಡ್ಡಿಯೇನೂ ಇರಲಿಲ್ಲ.

ಸ್ಕ್ಯಾನಿಂಗ್ ವರದಿ ಅರ್ಧ ಗಂಟೆಯಲ್ಲಿ ಬಂತು: "ಫ್ಲಾಸ್ಕಿನ ತಳದಿಂದ ಎರಡು ಅಂಗುಲ ಕೆಳಗೆ, ಬಲಕ್ಕೆ, ಅಪೆಂಡಿಕ್ಸ್ ಒಡೆಯುವ ಸ್ಥಿತಿಯಲ್ಲಿದೆ." ಇಬ್ಬರನ್ನೂ ಹಾಗೇ ಆಪರೇಷನ್ ಥಿಯೇಟರಿಗೆ ತಳ್ಳಿಕೊಂಡು ಹೋದರು. ಹಾಲಮ್ಮ ಹೊರಗೆ ಬಾಗಿಲನ್ನೇ ನೋಡುತ್ತ ಕೂತಳು.

ಕೊನೆಗೆ ವಿಜಯೇಂದ್ರ ಮಾಸ್ಕ್ ಇಳಿಸುತ್ತ ಹೊರಬಂದರು. "ಫ್ಲಾಸ್ಕ್ ಪಾರಾಯ್ತಮ್ಮ. ಇನ್ನೊಂದು ಗಂಟೆ ತಡ ಆಗಿದ್ರೆ ಕಷ್ಟ ಇತ್ತು."

"ಇವ್ರು, ಸಾರ್?"

"ಯಾರು? ಓ, ಕಡೆಯವರಾ? ಅವರೂ ಚೆನ್ನಾಗಿದ್ದಾರೆ. ಹೊಟ್ಟೆಗೆ ನಾಲ್ಕು ಹೊಲಿಗೆ ಬಿದ್ದಿದೆ ಅಷ್ಟೆ."

ಹಾಲಮ್ಮ ಅಲ್ಲೇ ಗೊಳೋ ಎಂದು ಅತ್ತು, ಡಾಕ್ಟರಿಗೂ ಫ್ಲಾಸ್ಕಿಗೂ ಕೈಮುಗಿದಳು.

ಐದನೆಯ ದಿನ ಡಿಸ್ಚಾರ್ಜ್ ಆಯಿತು. ಫ್ಲಾಸ್ಕ್ ಒಂದು ತಿಂಗಳು ಭಾರ ಹೊರತಕ್ಕದ್ದಲ್ಲ, ಕಾಫಿ ಮತ್ತು ಖಾರ ವರ್ಜ್ಯ ಎಂದು ಕಾಗದದಲ್ಲಿತ್ತು. ಪಕ್ಕದ ಮನೆಯ ಬೀರಪ್ಪ ನೋಡಲು ಬಂದವನು ತಂದಿದ್ದ ಕಿತ್ತಳೆಹಣ್ಣನ್ನು ಫ್ಲಾಸ್ಕಿನ ಮುಂದಿಟ್ಟು, "ಸ್ವಲ್ಪ ಇಳಿದುಹೋಗಿದೆ ಪಾಪ," ಎಂದ. ಮಾರಪ್ಪ ಒಮ್ಮೆ, ಅದರಲ್ಲೊಂದಿಷ್ಟು ಬಿಸಿನೀರಾದರೂ ಹಾಕಿಡು ಎಂದಿದ್ದಕ್ಕೆ ಹಾಲಮ್ಮ, "ಸುಮ್ನಿರಿ ಮಾರಾಯ್ರೆ, ಹೊಲಿಗೆ ಇನ್ನೂ ಹಸಿ ಇದೆ," ಎಂದು ಗದರಿದಳು. ಅದೂ ಸರಿಯೇ ಅನ್ನಿಸಿತು ಅವನಿಗೆ.

ಹೊಲಿಗೆ ಬಿಚ್ಚಿಸುವ ದಿನ ಶಿವಮೊಗ್ಗದ ಬಸ್ಸು ಕಿಕ್ಕಿರಿದಿತ್ತು. ಮಾರಪ್ಪನಿಗೆ ಹೇಗೋ ಕಿಟಕಿ ಪಕ್ಕ ಒಂದು ಸೀಟು ಸಿಕ್ಕಿತು. ಹಾಲಮ್ಮ ಫ್ಲಾಸ್ಕನ್ನು ಎದೆಗವಚಿಕೊಂಡು ನಿಂತಿದ್ದಳು. ಅದರ ಹಿಡಿಗೆ ಕಟ್ಟಿದ್ದ ಪಟ್ಟಿ ನೋಡಿದ ಕಂಡಕ್ಟರ್, "ಏನ್ರೀ, ಪೇಷಂಟನ್ನ ನಿಲ್ಸಿದ್ದೀರಲ್ಲ, ಮನುಷ್ಯತ್ವ ಬೇಡ್ವಾ?" ಎಂದು ಕೂಗಿದ. ಬಸ್ಸಿನವರೆಲ್ಲ ತಿರುಗಿ ನೋಡಿದರು.

ಮಾರಪ್ಪನಿಗೆ ನಾಚಿಕೆಯಾಯಿತು. ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಎದ್ದು, ಫ್ಲಾಸ್ಕನ್ನು ಇಸಿದುಕೊಂಡು ಕಿಟಕಿ ಪಕ್ಕ ಕೂರಿಸಿದ. ಕಂಬಿ ಹಿಡಿದು ನಿಂತು ಪಕ್ಕದ ಸೀಟಿನವರಿಗೆ ಹೇಳಿದ:

"ಆ ಶಟರ್ ಸ್ವಲ್ಪ ಇಳಿಸ್ರಿ. ಅದಕ್ಕೆ ಬಿಸಿಲು ಹೊಡೀತಿದೆ."